ಐದು ವರ್ಷದ ಲೀಸ್ ಎಷ್ಟು ವರ್ಷ ಇರುತ್ತದೆ?

ಹೋದ ವರ್ಷ ಚಳಿಗಾಲದಲ್ಲಿ ಒಬ್ಬ ಹಿರಿಯ ರೈತರು ಹೆಂಡತಿಯ ಜೊತೆ, ಗ್ಯಾಸ್ ಲೀಸ್ ಓದಿ ಬರೆದುಕೊಡುವ ನನ್ನ ಕಚೇರಿಗೆ ಬಂದರು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈಶಾನ್ಯದ ಗುಡ್ಡಗಳಲ್ಲಿ ಹಾಲಿನ ಹಸು ಸಾಕಿ ಬದುಕಿದವರು. ಜಮೀನು 104 ಎಕರೆ. 2007ರಲ್ಲಿ ನೆಲದಡಿಯ ಗ್ಯಾಸ್ ತೆಗೆಯಲು ಒಂದು ಕಂಪನಿಗೆ ಐದು ವರ್ಷದ ಲೀಸ್ ಬರೆದುಕೊಟ್ಟಿದ್ದರು. ಒಂದು ಮೂಲೆಯ ಜಾಗಕ್ಕೆ ತಿಂಗಳಿಗೊಂದು ಸಣ್ಣ ಚೆಕ್ ಬರುತ್ತಿತ್ತು. "ಆ ಮೂಲೆ ಇರಲಿ. ಉಳಿದ ಜಮೀನಿನ ಲೀಸ್ ಮುಗಿದು ಎಷ್ಟೋ ಕಾಲ ಆಯ್ತಲ್ಲ? ಈಗ ಇನ್ನೊಂದು ಕಂಪನಿ ಕೇಳ್ತಿದೆ, ಕಾಗದ ಮಾಡಿಕೊಡಿ" ಅಂದರು.

ಓದಿ ನೋಡಿದೆ. ಮುಗಿದಿರಲಿಲ್ಲ. ಆ ಮೂಲೆಯ 11 ಎಕರೆಯನ್ನು ಕಂಪನಿ ಪಕ್ಕದವರ ಗ್ಯಾಸ್ ಬಾವಿಗೆ ಹಲವರ ಜಮೀನು ಕೂಡಿಸಿ ಮಾಡಿದ ಯೂನಿಟ್‌ಗೆ ಸೇರಿಸಿತ್ತು. ಅದರ ಬಲದಲ್ಲಿ ಬಾಕಿ 93 ಎಕರೆಯೂ ಕಂಪನಿಯ ಕೈಯಲ್ಲೇ ಇತ್ತು. ಅವರ ಹೊಲದಲ್ಲಿ ಯಾರೂ ಒಂದು ಗುಂಡಿಯನ್ನೂ ತೋಡಿರಲಿಲ್ಲ.

ಊರಿನ ಗೆಳೆಯರಿಗೆ ನನ್ನ ಕೆಲಸದ ಬಗ್ಗೆ ಹೇಳಿದರೆ ಮೊದಲು ಕೇಳುವುದು ಒಂದೇ: "ನೆಲದ ಕೆಳಗಿನ ಗ್ಯಾಸ್ ಸರ್ಕಾರದ್ದಲ್ವಾ?" ಹೆಚ್ಚಿನ ದೇಶಗಳಲ್ಲಿ ಹೌದು. ಅಮೆರಿಕದಲ್ಲಿ ಖಾಸಗಿ ಜಮೀನಿನ ಕೆಳಗೆ ಇರುವುದು ಸಾಮಾನ್ಯವಾಗಿ ಖಾಸಗಿಯವರದ್ದೇ. ಆದರೆ ಮೇಲಿನ ನೆಲದ ಒಡೆಯರೇ ಕೆಳಗಿನದಕ್ಕೂ ಒಡೆಯರು ಅಂತ ಇಲ್ಲ. ಐವತ್ತು ವರ್ಷದ ಹಿಂದೆ ಜಮೀನು ಮಾರಿದವರು "ಗ್ಯಾಸ್ ಹಕ್ಕು ನನಗೇ ಇರಲಿ" ಅಂತ ಕ್ರಯಪತ್ರದಲ್ಲಿ ಒಂದು ಸಾಲು ಬರೆಸಿದ್ದರೆ ಅದು ಈಗಲೂ ನಡೆಯುತ್ತದೆ. ಹೊಲ ನಿಮ್ಮದು, ರಾಯಲ್ಟಿ, ಅಂದರೆ ಗ್ಯಾಸ್ ಮಾರಿದ ಹಣದಲ್ಲಿ ಒಡೆಯರ ಪಾಲು, ಇನ್ಯಾರದೋ ಮೊಮ್ಮಕ್ಕಳದ್ದು. ಪೆನ್ಸಿಲ್ವೇನಿಯಾದಲ್ಲಿ ಇನ್ನೊಂದು ವಿಚಿತ್ರ ಇದೆ. ಪತ್ರದಲ್ಲಿ ಬರೀ "ಖನಿಜ" ಅಂತ ಉಳಿಸಿಕೊಂಡಿದ್ದರೆ ಅದರಲ್ಲಿ ಗ್ಯಾಸ್ ಸೇರುವುದಿಲ್ಲ ಎಂದೇ ಕೋರ್ಟು ಮೊದಲು ಭಾವಿಸುತ್ತದೆ. 1882ರ ತೀರ್ಪಿನಿಂದ ಬಂದ ಈ ನಿಯಮವನ್ನು ರಾಜ್ಯದ ಸುಪ್ರೀಂ ಕೋರ್ಟ್ 2013ರಲ್ಲಿ ಮತ್ತೆ ಎತ್ತಿಹಿಡಿಯಿತು. ಅದಕ್ಕೇ ನಾನು ಲೀಸ್ ಮುಟ್ಟುವ ಮೊದಲು ಕೌಂಟಿ ಕಚೇರಿಯ ಹಳೆ ಪುಸ್ತಕಗಳಲ್ಲಿ ಒಂದು ದಿನ ಕಳೆಯುತ್ತೇನೆ. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ.

ಈ ಗದ್ದಲ ಶುರುವಾಗಿದ್ದು 2004ರಲ್ಲಿ, ರಾಜ್ಯದ ನೈಋತ್ಯ ಮೂಲೆಯ ವಾಷಿಂಗ್ಟನ್ ಕೌಂಟಿಯಲ್ಲಿ ಮಾರ್ಸೆಲಸ್ ಶೇಲ್ ಬಂಡೆಯನ್ನು ಒಡೆದು ಗ್ಯಾಸ್ ತೆಗೆಯಬಹುದು ಅಂತ ಗೊತ್ತಾದಾಗ. ಈ ಬಂಡೆ ಸಾವಿರಾರು ಅಡಿ ಆಳದಲ್ಲಿದೆ. ನೇರ ಕೆಳಗೆ ಕೊರೆದು, ಆಮೇಲೆ ಅಡ್ಡಕ್ಕೆ ತಿರುಗಿಸಿ, ಒಂದೆರಡು ಮೈಲಿ ಬಂಡೆಯೊಳಗೇ ಸಾಗುತ್ತಾರೆ. ನೀರು, ಮರಳು, ರಾಸಾಯನಿಕ ಬೆರೆಸಿ ಒತ್ತಡದಲ್ಲಿ ನುಗ್ಗಿಸಿ ಬಂಡೆಯಲ್ಲಿ ಬಿರುಕು ಬಿಡಿಸುತ್ತಾರೆ. ಮೊದಮೊದಲು ಎಕರೆಗೆ ಹತ್ತಾರು ಡಾಲರ್ ಬೋನಸ್‌ಗೆ ಸಹಿ ಹಾಕಿದವರಿದ್ದಾರೆ. 2008ರ ಹೊತ್ತಿಗೆ ಕೆಲವು ಕಡೆ ಅದು ಎರಡು ಸಾವಿರ ದಾಟಿತು. ಒಂದೇ ಬೇಲಿಯ ಆಚೆ ಈಚೆ ಇದ್ದವರು ಮಾತು ಬಿಟ್ಟಿದ್ದನ್ನು ನೋಡಿದ್ದೇನೆ.

ಎಲ್ಲರ ಕಣ್ಣೂ ಆ ಬೋನಸ್ ಮೇಲೆ. ನಾನು ಮೊದಲು ಹುಡುಕುವುದು ಲೀಸ್ ಹೇಗೆ ಮುಗಿಯುತ್ತದೆ ಎಂಬ ಸಾಲನ್ನು.

ಅವಧಿಯ ಕಲಮಿನಲ್ಲಿ ಎರಡು ತುಂಡು ಇರುತ್ತವೆ. "ಐದು ವರ್ಷ" ಅನ್ನುವುದು ಮೊದಲನೆಯದು. ಎರಡನೆಯದು "ಮತ್ತು ಆನಂತರ ಲಾಭ ಬರುವಷ್ಟು ಗ್ಯಾಸ್ ಬರುತ್ತಿರುವವರೆಗೂ". ಜನ ಮೊದಲ ತುಂಡು ಓದಿ ನಿಲ್ಲಿಸುತ್ತಾರೆ. ಎರಡನೆಯದಕ್ಕೆ ಕೊನೆಯೇ ಇಲ್ಲ. ಈ ರಾಜ್ಯದಲ್ಲಿ 1928ರ ಒಂದು ಲೀಸ್ ಬಗ್ಗೆ 2012ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಲ್ಲಿನ ಬಾವಿಗಳು 1959ರಲ್ಲಿ ಸುಮಾರು 40 ಡಾಲರ್ ನಷ್ಟ ಮಾಡಿದ್ದವು, ಹಾಗಾಗಿ ಲೀಸ್ ಸತ್ತಿದೆ ಅನ್ನುವುದು ಜಮೀನಿನವರ ವಾದ. ಕೋರ್ಟು ಒಪ್ಪಲಿಲ್ಲ. ಲಾಭ ಇದೆಯಾ ಇಲ್ಲವಾ ಅನ್ನುವಲ್ಲಿ ಕಂಪನಿ ಪ್ರಾಮಾಣಿಕವಾಗಿ ಮಾಡಿದ ಲೆಕ್ಕಕ್ಕೆ ಬೆಲೆ ಇದೆ ಎಂದಿತು. ಅಂದರೆ ಅಜ್ಜ ಹಾಕಿದ ಸಹಿ ಮರಿಮಗನನ್ನೂ ಕಟ್ಟಿಹಾಕಬಹುದು.

ಇದರ ಜೊತೆ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ. ಅದೇ ದರದಲ್ಲಿ ಇನ್ನೂ ಐದು ವರ್ಷ ಮುಂದುವರಿಸುವ ಹಕ್ಕು ಒಂದು. ಬಾವಿ ಮುಚ್ಚಿಟ್ಟಿದ್ದರೂ ವರ್ಷಕ್ಕೆ ಚೂರು ದುಡ್ಡು ಕೊಟ್ಟು ಲೀಸ್ ಉಳಿಸಿಕೊಳ್ಳುವುದು ಇನ್ನೊಂದು. ಆ ಮುಚ್ಚಿಟ್ಟ ಕಾಲಕ್ಕೆ ಮಿತಿ ಹಾಕಿಸಿ, ಒಟ್ಟು ಎರಡು ವರ್ಷ ದಾಟಬಾರದು ಅಂತ. ಗ್ಯಾಸ್ ಶೇಖರಣೆಯ ಕಲಮು ಕಂಡರೆ ಮಾತ್ರ ನಾನು ಚೌಕಾಸಿ ಮಾಡುವುದಿಲ್ಲ, ಸೀದಾ ಹೊಡೆದು ಹಾಕುತ್ತೇನೆ. ಬೇರೆ ಕಡೆಯ ಗ್ಯಾಸ್ ತಂದು ನಿಮ್ಮ ನೆಲದಡಿ ತುಂಬಿಡುವುದು ಬೇರೆಯೇ ವ್ಯಾಪಾರ, ಅದಕ್ಕೆ ಬೇರೆಯೇ ಬೆಲೆ.

ಆ ದಂಪತಿಯ ಲೀಸಿನಲ್ಲಿ ಇಲ್ಲದೇ ಹೋದದ್ದು ಪ್ಯೂ ಕಲಮು. ಲೂಸಿಯಾನಾದ ಒಬ್ಬ ವಕೀಲರ ಹೆಸರಿನಿಂದ ಬಂದದ್ದು. ಮೊದಲ ಅವಧಿ ಮುಗಿದಾಗ ಯೂನಿಟ್ ಒಳಗಿನ ಎಕರೆ ಮಾತ್ರ ಕಂಪನಿಗೆ, ಹೊರಗಿನದು ವಾಪಸ್ ಒಡೆಯರಿಗೆ ಅಂತ ಅದು ಹೇಳುತ್ತದೆ. ನಾಲ್ಕು ಸಾಲು ಅಷ್ಟೇ. ಆಳಕ್ಕೂ ಇಂಥದ್ದೇ ಬರೆಸಬಹುದು. ಮಾರ್ಸೆಲಸ್ ಕೆಳಗೆ ಯುಟಿಕಾ ಅನ್ನುವ ಇನ್ನೊಂದು ಗ್ಯಾಸಿನ ಬಂಡೆ ಇದೆ, ಕೊರೆಯದ ಆಳವನ್ನು ಸುಮ್ನೆ ಯಾಕೆ ಬಿಟ್ಟುಕೊಡಬೇಕು?

ಈಗ ದುಡ್ಡು. 1979ರ ಕಾನೂನಿನ ಪ್ರಕಾರ ಪೆನ್ಸಿಲ್ವೇನಿಯಾದಲ್ಲಿ ರಾಯಲ್ಟಿ ಎಂಟನೇ ಒಂದು ಭಾಗಕ್ಕಿಂತ, ಅಂದರೆ ಶೇ. 12.5ಕ್ಕಿಂತ ಕಡಿಮೆ ಇರುವಂತಿಲ್ಲ. ಆದರೆ ಯಾವುದರ ಎಂಟನೇ ಒಂದು ಭಾಗ? 640 ಎಕರೆಯ ಯೂನಿಟ್‌ನಲ್ಲಿ ನಿಮ್ಮದು 11 ಎಕರೆ ಅನ್ನಿ. 11ನ್ನು 640ರಿಂದ ಭಾಗಿಸಿ, ಎಂಟನೇ ಒಂದು ಭಾಗ ತೆಗೆದರೆ ಸಿಗುವುದು 0.00215. ತಿಂಗಳಿಗೆ ಐದು ಲಕ್ಷ ಡಾಲರ್ ಗ್ಯಾಸ್ ಮಾರಿದರೆ ನಿಮಗೆ ಸುಮಾರು 1,074 ಡಾಲರ್. ಚೆಕ್ ಬಂದಾಗ ಅದು ಸುಮಾರು 644 ಡಾಲರ್ ಇದ್ದರೆ ಗಾಬರಿ ಬೇಡ, ಬಹುಶಃ ತಪ್ಪು ಲೆಕ್ಕ ಅಲ್ಲ. ಬಾವಿಯಿಂದ ಮಾರುಕಟ್ಟೆಗೆ ಸಾಗಿಸುವ, ಒತ್ತುವ, ನೀರಿನಂಶ ತೆಗೆಯುವ ಖರ್ಚನ್ನೆಲ್ಲ ಮೊದಲೇ ಕಳೆದಿದ್ದಾರೆ. ಅದು ಮಾರಿದ ಹಣದ ಶೇ. 40 ಆಗಿದ್ದರೆ ನಿಮ್ಮ ಪಾಲೂ ಅಷ್ಟೇ ಇಳಿಯುತ್ತದೆ. ಹೀಗೆ ಕಳೆಯುವುದು ಕಾನೂನಿಗೆ ವಿರುದ್ಧ ಅಲ್ಲ ಎಂದು 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದೆ. ತಡೆಯಬೇಕಾದರೆ ಲೀಸಿನಲ್ಲೇ ತಡೆಯಬೇಕು: ಯಾವ ಖರ್ಚನ್ನೂ ಕಳೆಯದೆ ರಾಯಲ್ಟಿ, ಕಂಪನಿ ತನ್ನದೇ ಅಂಗಸಂಸ್ಥೆಗೆ ಮಾರಿದರೆ ಆ ಬೆಲೆ ಲೆಕ್ಕಕ್ಕಿಲ್ಲ, ಪುಸ್ತಕ ತಪಾಸಣೆಯ ಹಕ್ಕು ನಮಗೆ. ನನ್ನ ಅನುಭವದಲ್ಲಿ, ಖರ್ಚು ಕಳೆಯುವ ಶೇ. 18ಕ್ಕಿಂತ ಖರ್ಚು ಕಳೆಯದ ಶೇ. 15 ಎಷ್ಟೋ ಸಲ ಒಳ್ಳೆಯದು. ಬೆಲೆ ಬಿದ್ದಾಗ ಸಾಗಣೆ ಖರ್ಚು ಬೀಳುವುದಿಲ್ಲವಲ್ಲ. 2008ರ ಜೂನ್‌ನಲ್ಲಿ 12 ಡಾಲರ್ ದಾಟಿದ್ದ ಹೆನ್ರಿ ಹಬ್ (ಅಮೆರಿಕದ ಗ್ಯಾಸ್ ಬೆಲೆಯ ಅಳತೆಗೋಲು) ತಿಂಗಳ ಸರಾಸರಿ 2012ರ ಏಪ್ರಿಲ್‌ನಲ್ಲಿ 2 ಡಾಲರ್‌ಗಿಂತ ಕೆಳಗಿತ್ತು. ಶೇಲ್ ಬಾವಿಯ ಹರಿವು ಮೊದಲ ವರ್ಷದಲ್ಲೇ ಜೋರಾಗಿ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ಮೊದಲ ಚೆಕ್ ನೋಡಿ ಟ್ರ್ಯಾಕ್ಟರ್ ಸಾಲ ಮಾಡಬೇಡಿ.

ಮೇಲಿನ ನೆಲದ ವಿಷಯ ಸ್ವಲ್ಪ ಬೇರೆ. ಬಾವಿ ಕೊರೆಯುವ ಜಾಗ, ಅಂದರೆ ಪ್ಯಾಡ್‌ಗೆ ನಾಲ್ಕೈದು ಎಕರೆ ಸಮತಟ್ಟು ಮಾಡುತ್ತಾರೆ, ಜೊತೆಗೆ ರಸ್ತೆ, ನೀರಿನ ಹೊಂಡ, ಪೈಪು. ಸಣ್ಣ ಜಮೀನಿನವರಿಗೆ ನಾನು ಹೇಳುವುದು, ಮೇಲ್ನೆಲ ಮುಟ್ಟದ ಲೀಸ್ ಕೇಳಿ. ಪಕ್ಕದಿಂದ ಅಡ್ಡಕ್ಕೆ ಕೊರೆದು ನಿಮ್ಮ ಗ್ಯಾಸ್ ತೆಗೆಯಬಹುದು. ಇಂಥ ಬಾವಿ ಮನೆಯಿಂದ ಮತ್ತು ಕುಡಿಯುವ ನೀರಿನ ಬಾವಿಯಿಂದ 500 ಅಡಿ ದೂರ ಇರಬೇಕು ಅಂತ 2012ರ ರಾಜ್ಯದ ಕಾನೂನು, ಆಕ್ಟ್ 13, ಹೇಳುತ್ತದೆ. ಆದರೆ ಅಳೆಯುವುದು ಬಾವಿಯ ಬಾಯಿಂದ, ಪ್ಯಾಡ್‌ನ ಅಂಚಿನಿಂದ ಅಲ್ಲ. ನಾನು ಸಾವಿರ ಅಡಿ ಬರೆಸುತ್ತೇನೆ, ಅಂಚಿನಿಂದ. ಜಮೀನು, ಕೃಷಿ ನೆಲಕ್ಕೆ ರಾಜ್ಯ ಕೊಡುವ ಕ್ಲೀನ್ ಅಂಡ್ ಗ್ರೀನ್ ತೆರಿಗೆ ರಿಯಾಯಿತಿಯಲ್ಲಿದ್ದರೆ, ಕೆಡಿಸಿದ ಭಾಗಕ್ಕೆ ಏಳು ವರ್ಷದ ಹಿಂದಿನ ತೆರಿಗೆ ವ್ಯತ್ಯಾಸ ಬಡ್ಡಿ ಸಮೇತ ಬರಬಹುದು. ಅದನ್ನು ಕಂಪನಿಯೇ ಕಟ್ಟಲಿ.

ನೀರಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಕೊರೆಯುವ ಮೊದಲು ಕಂಪನಿಯವರು ನಿಮ್ಮ ಬಾವಿಯ ನೀರು ಪರೀಕ್ಷೆ ಮಾಡಲು ಬರುತ್ತಾರೆ. ಸಿಟ್ಟಿನಲ್ಲಿ ಬಾಗಿಲು ಹಾಕಬೇಡಿ. ಗ್ಯಾಸ್ ಬಾವಿಯಿಂದ 2,500 ಅಡಿ ಒಳಗೆ, ಕೆಲಸ ಮುಗಿದ 12 ತಿಂಗಳೊಳಗೆ ನೀರು ಕೆಟ್ಟರೆ ಅದಕ್ಕೆ ಕಂಪನಿಯೇ ಕಾರಣ ಎಂದು ಕಾನೂನು ಭಾವಿಸುತ್ತದೆ. ಪರೀಕ್ಷೆಗೆ ಬಿಡದಿದ್ದರೆ ಆ ರಕ್ಷಣೆ ನಿಮ್ಮ ಕೈಬಿಡಬಹುದು. ಜೊತೆಗೆ ಮಾನ್ಯತೆ ಇರುವ ಲ್ಯಾಬಿನಿಂದ ನಿಮ್ಮದೇ ಒಂದು ಪರೀಕ್ಷೆ ಮಾಡಿಸಿ. ಈ ಭಾಗದ ಎಷ್ಟೋ ಬಾವಿಗಳಲ್ಲಿ ಮೊದಲಿನಿಂದಲೂ ಮೀಥೇನ್ ಇದೆ. ಇತ್ತೋ, ಆಮೇಲೆ ಬಂತೋ ಅನ್ನುವುದಕ್ಕೆ ಕಾಗದ ಬೇಕು.

ಆ ದಂಪತಿಗೆ ಆಮೇಲೆ ಒಂದು ದಾರಿ ಸಿಕ್ಕಿತು. ಲೀಸ್ ಹಿಡಿದಿದ್ದ ಕಂಪನಿಗೆ ಇನ್ನೊಂದು ಯೂನಿಟ್‌ನ ಗ್ಯಾಸ್ ಸಾಗಿಸಲು ಅವರ ಹೊಲದಲ್ಲಿ ಪೈಪು ಹಾಯಿಸಬೇಕಿತ್ತು. 2007ರ ಲೀಸ್ ಅದಕ್ಕೆ ಜಾಗ ಕೊಟ್ಟಿರಲಿಲ್ಲ. ಕಂಪನಿ ಅಡಿಗಿಷ್ಟು ಅಂತ ದುಡ್ಡು ಕೊಡಲು ಬಂತು. ನಾವು ದುಡ್ಡನ್ನು ಕಡಿಮೆ ಮಾಡಿಕೊಂಡು, ಬದಲಿಗೆ 93 ಎಕರೆಯ ಬಿಡುಗಡೆ ಪತ್ರ ಕೇಳಿದೆವು. ನಾಲ್ಕು ತಿಂಗಳು ಎಳೆದಾಡಿ ಕೊಟ್ಟರು. ಹೊಸ ಕಂಪನಿಯ ಕರಡು ಈಗ ನನ್ನ ಮೇಜಿನ ಮೇಲಿದೆ, ಪ್ಯೂ ಕಲಮು ಅದರಲ್ಲೂ ಇರಲಿಲ್ಲ. ನಿನ್ನೆ ಸೇರಿಸಿ ವಾಪಸ್ ಕಳಿಸಿದೆ.