ವೈರ್ ಕಟ್ ಇಟ್ಟಿಗೆಗೆ ಗುಳಿ ಯಾಕಿಲ್ಲ?

ಪ್ರಶ್ನೆ: ಮಡಿಕೇರಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಲಾರಿಯಲ್ಲಿ ಬಂದ ವೈರ್ ಕಟ್ ಇಟ್ಟಿಗೆಯಲ್ಲಿ ಹೆಸರು ಕೊರೆದ ಗುಳಿಯೇ ಇಲ್ಲ. ಎರಡು ಮುಖದಲ್ಲಿ ಬರೀ ಗೀರು. ಇದು ಕಳಪೆ ಮಾಲಾ?

ಉತ್ತರ: ಅಲ್ಲ. ಆ ಗೀರೇ ಮೆಷಿನ್ ಇಟ್ಟಿಗೆಯ ಗುರುತು.

ಮನೆಯಲ್ಲಿ ನೂಪುಟ್ಟು (ಅಕ್ಕಿಯ ಒತ್ತುಶಾವಿಗೆ) ಒತ್ತುವುದನ್ನು ನೋಡಿದ್ದೀರಲ್ವಾ? ಬೆಂದ ಹಿಟ್ಟನ್ನು ಒರಳಿಗೆ ತುಂಬಿ ಒತ್ತಿದರೆ ಎಳೆ ಇಳಿಯುತ್ತದೆ. ಇಟ್ಟಿಗೆ ಮೆಷಿನ್ನೂ ಹಾಗೇ, ಆದರೆ ಇಲ್ಲಿ ಎಳೆಯ ಬದಲು ಇಟ್ಟಿಗೆಯಷ್ಟು ದಪ್ಪದ ಮಣ್ಣಿನ ಪಟ್ಟಿ ಬರುತ್ತದೆ.

ಮೊದಲು ರೋಲರ್‌ಗಳು ಜೇಡಿಮಣ್ಣಿನ ಹೆಂಟೆ ಪುಡಿ ಮಾಡುತ್ತವೆ. ನೀರು ಬೆರೆಸಿ ಅಲಗುಗಳಿಂದ ನಾದುತ್ತಾರೆ. ಆಮೇಲಿನ ಹಂತವೇ ಮುಖ್ಯ. ಮಣ್ಣು ಒಂದು ಮುಚ್ಚಿದ ಕೋಣೆಗೆ ಬೀಳುತ್ತದೆ, ಪಂಪ್ ಅಲ್ಲಿನ ಗಾಳಿಯನ್ನೆಲ್ಲ ಎಳೆದುಬಿಡುತ್ತದೆ. ಗಾಳಿ ಉಳಿದರೆ ಮಣ್ಣು ಪದರ ಪದರವಾಗಿ, ಅಂಚು ಹರಿಯುತ್ತದೆ. ಗಾಳಿ ಹೋದ ಮಣ್ಣನ್ನು ದೊಡ್ಡ ಸ್ಕ್ರೂ ಆಯತಾಕಾರದ ಬಾಯಿಂದ ಹೊರಕ್ಕೆ ನೂಕುತ್ತದೆ. ಸೋಪಿನ ಉದ್ದ ಬಾರ್‌ನಂತೆ ನುಣುಪಾಗಿ, ತೇವದ ಹೊಳಪಿನಲ್ಲಿ ಬರುತ್ತದೆ. ಬಿಗಿದ ಉಕ್ಕಿನ ತಂತಿಗಳು ಅದನ್ನು ಕತ್ತರಿಸುತ್ತವೆ. ತಂತಿ ಎಳೆದ ಕಡೆ ಗೀರು.

ಗುಳಿ ಬೀಳುವುದು ಕೈ ಅಚ್ಚಿನಲ್ಲಿರುವ ಉಬ್ಬಿನಿಂದ. ಇಲ್ಲಿ ಆ ಅಚ್ಚೇ ಇಲ್ಲ. ಕೈ ಅಚ್ಚಿನ ಮೂಲೆ ತುಂಬಲು ಮಣ್ಣು ಮೆತ್ತಗಿರಬೇಕು. ಮೆಷಿನ್‌ಗೆ ಕಡಿಮೆ ನೀರು ಸಾಕು, ಹಾಗಾಗಿ ಇಟ್ಟಿಗೆ ಹೆಚ್ಚು ಅಡಕವಾಗಿರುತ್ತದೆ.

ಆದರೂ ಮೆಷಿನ್ ಇಟ್ಟಿಗೆಯನ್ನೂ ನಿಧಾನವಾಗಿ ಒಣಗಿಸಲೇಬೇಕು. ಒಣಗುವಾಗ ಇಟ್ಟಿಗೆ ಕುಗ್ಗುತ್ತದೆ. ಅದಕ್ಕೇ ಮೆಷಿನ್‌ನ ಬಾಯಿಯನ್ನು ಬೇಕಾದ ಅಳತೆಗಿಂತ ದೊಡ್ಡದಾಗಿ ಇಡುತ್ತಾರೆ. ಬಿಸಿಲಲ್ಲಿ ಗಡಿಬಿಡಿಯಲ್ಲಿ ಒಣಗಿಸಿದರೆ ಮೇಲ್ಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಂತೂ ಒಣಗುವುದೇ ಇಲ್ಲ. ಸರಿಯಾಗಿ ಒಣಗದೆ ಸುಡುವ ಗೂಡಿಗೆ ಹೋದದ್ದು ಒಳಗೇ ಸಿಡಿಯುತ್ತದೆ.

ಗೀರಿನ ಮುಖವನ್ನು ಗಾರೆಗೆ ಬಿಡಿ, ಗಾರೆ ಅಲ್ಲಿ ಚೆನ್ನಾಗಿ ಕಚ್ಚುತ್ತದೆ. ನುಣುಪಿನ ಮುಖ ಹೊರಗಿರಲಿ.

ಅನುಮಾನವಿದ್ದರೆ ಒಣಗಿದ 5 ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿ. ತೂಕ 20 ಶೇಕಡಾಕ್ಕಿಂತ ಜಾಸ್ತಿ ಏರಬಾರದು. 3 ಕಿಲೋದ್ದು 3.6 ಕಿಲೋ ದಾಟಿದರೆ ಆ ಲೋಡ್ ವಾಪಸ್ ಕಳಿಸಿ. ಜೂನ್‌ನಿಂದ ಮಳೆ ಹೊಡೆಯುವ ಗೋಡೆಗೆ ಅಷ್ಟು ನೀರು ಕುಡಿಯುವ ಇಟ್ಟಿಗೆ ಬೇಡವೇ ಬೇಡ.