ಫ್ಲಿಪ್ಡ್ ಕ್ಲಾಸ್‌ರೂಮ್: ಮೆಡಿಕಲ್ ಪಿಜಿ ಮಾಡುತ್ತಿರುವವರಿಗೆ ಒಂದಷ್ಟು ಟಿಪ್ಪಣಿ

ಫ್ಲಿಪ್ಡ್ ಕ್ಲಾಸ್‌ರೂಮ್ ಅಂದಕೂಡಲೇ ಹೆಚ್ಚಿನವರ ತಲೆಗೆ ಬರುವುದು ವಿಡಿಯೋ. ವಿಡಿಯೋ ಇಲ್ಲದೆಯೂ ಮಾಡಬಹುದು, ನಾಲ್ಕು ಪುಟದ ನೋಟ್ಸ್ ಸಾಕು. ಅರ್ಥ ಇಷ್ಟೇ: ಓದಿ ತಿಳಿಯುವ ಭಾಗ ಕ್ಲಾಸಿಗೆ ಮೊದಲೇ ಮುಗಿಯಬೇಕು. ತಲೆ ಕೆಡಿಸಿಕೊಂಡು ನಿರ್ಧಾರ ಮಾಡುವ ಭಾಗ ಕ್ಲಾಸಿನಲ್ಲೇ, ಸರ್ ಅಥವಾ ಮೇಡಂ ಎದುರಿಗಿರುವಾಗಲೇ ನಡೆಯಬೇಕು.

ಹಿನ್ನೆಲೆ ಬೇಗ ನೋಡಿಬಿಡೋಣ. ಅಮೆರಿಕದ ಕೊಲೊರಾಡೊದಲ್ಲಿ ಜೋನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ಕೆಮಿಸ್ಟ್ರಿ ಮೇಷ್ಟ್ರು 2007ರಲ್ಲಿ, ಕ್ಲಾಸ್ ತಪ್ಪಿಸಿಕೊಂಡ ಹೈಸ್ಕೂಲ್ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡತೊಡಗಿದರು. ಅದಕ್ಕೂ ಮುಂಚೆ, 1990ರ ದಶಕದಲ್ಲೇ, ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ ಪ್ರಶ್ನೆ ಕೊಟ್ಟು, ಉತ್ತರ ಪಡೆದು, ಪಕ್ಕದವರ ಜೊತೆ ವಾದ ಮಾಡಿಸಿ, ಮತ್ತೆ ಉತ್ತರ ಕೇಳುತ್ತಿದ್ದರು. ಪಿಜಿಗಳಿಗೆ ಮಜೂರ್ ದಾರಿಯೇ ಜಾಸ್ತಿ ಉಪಯೋಗ. ಎಂಬಿಬಿಎಸ್‌ನಲ್ಲಿ ಓದಿದ್ದು ಅರ್ಧಂಬರ್ಧ ತಲೆಯಲ್ಲಿ ಇದ್ದೇ ಇರುತ್ತದೆ, ಅದು ವಾದದಲ್ಲೇ ಹೊರಗೆ ಬರುವುದು.

ಒಂದು ಟಾಪಿಕ್ ಪೂರ್ತಿ ನೋಡೋಣ. ಹಾವೇರಿ, ಗದಗ ಕಡೆಯಿಂದ ಹುಬ್ಬಳ್ಳಿಗೆ ಬರುವ ಆರ್ಗನೋಫಾಸ್ಫರಸ್ (ಬೆಳೆಗೆ ಹೊಡೆಯುವ ಕೀಟನಾಶಕ) ವಿಷದ ಕೇಸು ಮೆಡಿಸಿನ್ ಪಿಜಿಗಳಿಗೆ ಹೊಸದಲ್ಲ. ಮಾಮೂಲಿ ಸೆಮಿನಾರ್‌ನಲ್ಲಿ ಒಬ್ಬರು ಸ್ಲೈಡ್ ಮೇಲೆ ಸ್ಲೈಡ್ ಓದುತ್ತಾರೆ, ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಕಣ್ಣು ಎಳೆಯುತ್ತಿರುತ್ತದೆ, ಈ ವಿಷಕ್ಕೆ ಕೊಡುವ ಮದ್ದು ಅಟ್ರೊಪಿನ್‌ನ ಡೋಸ್ ಬರುವ ಹೊತ್ತಿಗೆ ಟೈಮ್ ಮುಗಿದಿರುತ್ತದೆ. ಬದಲಿಗೆ ಕೋಲಿನೆಸ್ಟರೇಸ್ ಎಂಬ ಎನ್‌ಜೈಮ್ ಹೇಗೆ ಕೆಲಸ ನಿಲ್ಲಿಸುತ್ತದೆ, ಲಕ್ಷಣಗಳೇನು, ಡೋಸ್ ಎಷ್ಟು ಅನ್ನುವುದನ್ನು ಎರಡು ದಿನ ಮೊದಲೇ ಕೊಟ್ಟುಬಿಡಿ. ಕ್ಲಾಸಿನಲ್ಲಿ ಕೇಸು ಮಾತ್ರ.

"ಹತ್ತಿಗೆ ಎಣ್ಣಿ ಹೊಡೆಯೋವಾಗ ಬಿದ್ದಾನ್ರೀ" ಅಂತ ಮನೆಯವರು ಕರೆತಂದಿದ್ದಾರೆ. ಬಾಯಲ್ಲಿ ನೊರೆ, ಸೂಜಿಮೊನೆಯಷ್ಟು ಪಾಪೆ, ಪಲ್ಸ್ 48, ಎದೆಯಲ್ಲಿ ಗೊರಗೊರ. ಆಕ್ಸಿಜನ್ ಹಾಕಿದ್ದೀರಿ. ಕೈಯಲ್ಲಿರುವುದು ಅಟ್ರೊಪಿನ್‌ನ 0.6 ಮಿಲಿಗ್ರಾಂ ಆಂಪುಲ್. ಎಷ್ಟು ಒಡೆಯುತ್ತೀರಿ? ಎಲ್ಲರೂ ಮೊದಲು ಬರೆಯಬೇಕು. ಮೂರರಿಂದ, ಅಂದರೆ 1.8 ಮಿಲಿಗ್ರಾಂನಿಂದ ಶುರು ಮಾಡಿ, ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಆರು, ಆಮೇಲೆ ಹನ್ನೆರಡು. ಇಲ್ಲಿವರೆಗೆ ಸುಲಭ. ಯಾವಾಗ ನಿಲ್ಲಿಸಬೇಕು ಅಂದಾಗ ಜಗಳ ಶುರುವಾಗುತ್ತದೆ. ಪಾಪೆ ಪೂರ್ತಿ ಅಗಲವಾಗಲಿ ಅಂತ ಒಬ್ಬರು, ಪಲ್ಸ್ 120 ಆಗಲಿ ಅಂತ ಇನ್ನೊಬ್ಬರು. ನೋಡಬೇಕಾದದ್ದು ಎದೆ ಕ್ಲಿಯರ್ ಆಯಿತಾ, ಪಲ್ಸ್ ಮತ್ತು ಸಿಸ್ಟೋಲಿಕ್ ಬಿಪಿ 80 ದಾಟಿತಾ, ಕಂಕುಳು ಒಣಗಿತಾ ಅಂತ. ಪಾಪೆ ಸೂಜಿಮೊನೆ ಬಿಟ್ಟರೆ ಸಾಕು. ಆಮೇಲೆ, ಒಟ್ಟು ಹೋದ 12.6 ಮಿಲಿಗ್ರಾಂನ ಶೇಕಡಾ 10ರಿಂದ 20ರಷ್ಟು ಗಂಟೆಗೆ ಡ್ರಿಪ್‌ನಲ್ಲಿ. ಮಧ್ಯರಾತ್ರಿ ಪೇಷಂಟ್ ಮೈ ಬಿಸಿ, ಬಡಬಡಿಸುತ್ತಾನೆ, ಕರುಳಿನ ಸದ್ದಿಲ್ಲ. ಈಗ ಏರಿಸುವುದಾ, ನಿಲ್ಲಿಸುವುದಾ? ಇದು ಅಟ್ರೊಪಿನ್ ಜಾಸ್ತಿಯಾದದ್ದು, ಡ್ರಿಪ್ ನಿಲ್ಲಿಸಿ, ತಣ್ಣಗಾದ ಮೇಲೆ ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡಬೇಕು. ಕ್ಯಾಜುವಲ್ಟಿಯಲ್ಲಿ ಒಬ್ಬರೇ ನಿಂತಾಗ ಬೇಕಾಗುವುದು ಈ ತೀರ್ಮಾನವೇ ಅಲ್ವಾ?

ಸೆಂಟ್ರಲ್ ಲೈನ್‌ನಂಥ (ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವುದು) ಪ್ರೊಸೀಜರ್‌ಗಳಿಗೂ ಹೀಗೆಯೇ. ಹಂತಗಳನ್ನು ನೋಡಿಕೊಂಡು ಬನ್ನಿ, ಸ್ಕಿಲ್ ಲ್ಯಾಬ್ ಟೈಮ್ ಪೂರ್ತಿ ಕೈಯಾರೆ ಮಾಡಿ ನೋಡುವುದಕ್ಕೆ ಇರಲಿ.

ಇದು ಕೆಡುವುದು ಎಲ್ಲಿ? ಅರ್ಧ ಜನ ಓದದೆ ಬರುತ್ತಾರೆ, ಸರ್ ಪಾಪ ಅಂತ ಮತ್ತೆ ಮೊದಲಿಂದ ಪಾಠ ಮಾಡುತ್ತಾರೆ. ಮುಂದಿನ ವಾರ ಓದಿದವರೂ ಓದುವುದಿಲ್ಲ. ಹಾಗೆ ಮಾಡಲೇಬಾರದು. ಶುರುವಲ್ಲಿ ಐದು ಪ್ರಶ್ನೆಯ ಚಿಕ್ಕ ಟೆಸ್ಟ್ ಇಟ್ಟು, ಎಲ್ಲರೂ ತಪ್ಪಿದ ಪ್ರಶ್ನೆಯನ್ನಷ್ಟೇ ಬಿಡಿಸಿ ಹೇಳಿದರೆ ಸಾಕು. ಆದರೆ ಓದಲು ಟೈಮ್ ಕೊಡದೆ ಓದಿಲ್ಲ ಅನ್ನುವುದು ಸರಿಯಲ್ಲ. ಎರಡು ಓಪಿಡಿ ನಡುವೆ ಮುಗಿಯುವಷ್ಟೇ, ಹದಿನೈದು ಇಪ್ಪತ್ತು ನಿಮಿಷದ್ದು ಕೊಡಬೇಕು. ಡ್ಯೂಟಿ ಪಟ್ಟಿ ಬರೆಯುವ ಸೀನಿಯರ್‌ಗಳು ಇದನ್ನು ಮನಸ್ಸಲ್ಲಿ ಇಟ್ಟುಕೊಳ್ಳಲಿ, ಪೋಸ್ಟ್ ಡ್ಯೂಟಿ ದಿನ ಇಂಥ ಕ್ಲಾಸ್ ಬೇಡ.