ಜಿಜ್: ದೂರದಿಂದಲೇ ಸಿಗುವ ಹಕ್ಕಿಯ ಧಾಟಿ

ಬೈನಾಕ್ಯುಲರ್ ಕಣ್ಣಿಗೆ ಹಿಡಿಯುವ ಮೊದಲೇ ಕೆಲವರು ‘ಅದು ನದಿ ರೀವ’ ಅಂದುಬಿಡುತ್ತಾರೆ (ರೀವ ಅಂದರೆ ಇಂಗ್ಲಿಷಿನ ಟರ್ನ್ ಹಕ್ಕಿ). ಕೊಕ್ಕಿನ ಬಣ್ಣ ಕಂಡಿರುವುದಿಲ್ಲ, ಕಾಲಂತೂ ಕಾಣುವುದೇ ಇಲ್ಲ. ಅವರು ಹಿಡಿದದ್ದು ಹಕ್ಕಿಯ ಜಿಜ್. ಗಾತ್ರ, ಮೈಕಟ್ಟು, ರೆಕ್ಕೆ ಬಡಿಯುವ ಲಯ, ಮೇವು ಹಿಡಿಯುವ ರೀತಿ, ಎಲ್ಲ ಸೇರಿ ಒಂದೇ ನೋಟಕ್ಕೆ ಸಿಗುವ ಧಾಟಿ ಅದು. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಮುಖ ಕಾಣದಿದ್ದರೂ ನಡಿಗೆಯಿಂದಲೇ ನಮ್ಮೂರಿನವರನ್ನು ಗುರುತಿಸುತ್ತೇವಲ್ಲ, ಹಾಗೆ.

ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನ ಗುರುತಿಸುತ್ತಿದ್ದವರಿಂದ ಈ ಪದ ಬಂತು ಅನ್ನುವ ಕಥೆಯೊಂದಿದೆ. ಕಥೆ ಚೆನ್ನಾಗಿದೆ, ಅಷ್ಟೇ. ಇಂಗ್ಲೆಂಡಿನ ಪಕ್ಷಿತಜ್ಞ ಟಿ. ಎ. ಕವರ್ಡ್ 1920ರ ದಶಕದ ಆರಂಭದಲ್ಲೇ ಈ ಪದ ಬಳಸಿ ಬರೆದಿದ್ದರು.

ಕೊಪ್ಪಳ ಜಿಲ್ಲೆಯವರಿಗೆ ಇದನ್ನು ಕಲಿಯಲು ತುಂಗಭದ್ರಾ ಹಿನ್ನೀರೇ ಸಾಕು. ರೀವಗಳು ಕಡಲಹಕ್ಕಿಗಳ ಬಳಗಕ್ಕೆ ಸೇರಿದವು, ಆದರೂ ಕಡಲೇ ಇಲ್ಲದ ನಮ್ಮ ಕಡೆ ಆರಾಮಾಗಿವೆ. ನದಿ ರೀವ ಇಲ್ಲಿಯದೇ. ಮೀಸೆ ರೀವ ಚಳಿಗಾಲಕ್ಕೆ ಬರುವ ಅತಿಥಿ. ದೂರದಿಂದ ಎರಡೂ ಬೂದು ಬಿಳಿ.

ಹಾರಾಟ ನೋಡಿ. ನದಿ ರೀವ ದೊಡ್ಡದು, ಸುಮಾರು 40 ಸೆಂಟಿಮೀಟರ್. ಕೊಕ್ಕು ಕೆಳಗೆ ಮಾಡಿಕೊಂಡು ಗಂಭೀರವಾಗಿ ಹಾರುತ್ತದೆ, ಮೀನು ಕಂಡರೆ ದಬಕ್ಕನೆ ನೀರಿಗೆ ಬೀಳುತ್ತದೆ. ಮೀಸೆ ರೀವ 25 ಸೆಂಟಿಮೀಟರ್ ಆಸುಪಾಸು. ನೀರಿಗೆ ತೀರಾ ಹತ್ತಿರ ಅತ್ತಿತ್ತ ತಿರುಗುತ್ತಾ, ಮೇಲಿಂದಲೇ ಹುಳ ಹೆಕ್ಕಿಕೊಂಡು ಏಳುತ್ತದೆ. ಮುಳುಗುವುದು ಅಪರೂಪ. ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಯ ಮೇಲೆ ರೀವವೊಂದು ಹೀಗೆ ಸುತ್ತುತ್ತಿದ್ದರೆ ನನ್ನ ಮೊದಲ ಊಹೆ ಮೀಸೆ ರೀವವೇ. ಫೋಟೋದಲ್ಲಿ ಇದ್ಯಾವುದೂ ಉಳಿಯುವುದಿಲ್ಲ. ಹಾಗಾಗಿ ಕಲಿಯುವವರು ಕ್ಯಾಮೆರಾ ಸ್ವಲ್ಪ ಹೊತ್ತು ಕೆಳಗಿಟ್ಟರೆ ಒಳ್ಳೇದು.

ಹಕ್ಕಿ ಹತ್ತಿರ ಬಂದರೆ ಖಾತ್ರಿ ಮಾಡಿಕೊಳ್ಳುವುದು ಸುಲಭ. ನದಿ ರೀವದ ಕೊಕ್ಕು ದಪ್ಪ, ಹಳದಿ. ಚಳಿಗಾಲದಲ್ಲಿ ತುದಿ ಕಪ್ಪು. ಬಾಲ ಆಳವಾಗಿ ಕವಲೊಡೆದಿರುತ್ತದೆ. ಮೀಸೆ ರೀವದ ಬಾಲ ಗಿಡ್ಡ, ತುದಿಯಲ್ಲಿ ಸಣ್ಣ ಕಚ್ಚು ಮಾತ್ರ.

ಗೊಂದಲ ಜಾಸ್ತಿ ಆಗುವುದು ಬೇಸಿಗೆಯ ಹೊತ್ತಿಗೆ. ವಾಪಸ್ ಹೊರಡುವ ಮುಂಚೆ ಮೀಸೆ ರೀವದ ನೆತ್ತಿ ಕಪ್ಪಾಗುತ್ತದೆ, ಹೊಟ್ಟೆಯೂ ಕಪ್ಪಗಾಗುತ್ತದೆ. ಕೆನ್ನೆಯಲ್ಲಿ ಉಳಿಯುವ ಬಿಳಿ ಪಟ್ಟಿಯೇ ಮೀಸೆ. ಹೊಟ್ಟೆ ನೋಡಿದ ಕೂಡಲೇ ‘ಕರಿಹೊಟ್ಟೆ ರೀವ!’ ಅಂತ ಕೂಗುವವರಿದ್ದಾರೆ. ಆ ಹಕ್ಕಿ ಅಳಿವಿನಂಚಿನಲ್ಲಿದೆ, ಸುಮ್ನೆ ಎಲ್ಲೆಂದರಲ್ಲಿ ಸಿಗುವುದಿಲ್ಲ. ಇಂಥ ಕಡೆ ಜಿಜ್ ಒಂದನ್ನೇ ನೆಚ್ಚಿಕೊಳ್ಳಬಾರದು. ಕರಿಹೊಟ್ಟೆ ರೀವದ ಕೊಕ್ಕು ಕಿತ್ತಳೆ ಹಳದಿ, ಬಾಲ ಉದ್ದ ಕವಲಿನದು. ಮೀಸೆ ರೀವದ ಕೊಕ್ಕು ಆಗ ಕಡುಗೆಂಪು.